‘ಮಾಲೀಕ’ ಎಂದರೆ

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತವನಿಗೆ ತನ್ನ ಮುಖದಲ್ಲಿ ಕಂಡದ್ದು ನೊರೆ, ನೊರೆಯ ನಡುವೆ ಒಂದು ಬಾಯಿ, ಅಷ್ಟೇ. ಇದೇ ಬಾಯಿ ನಿನ್ನೆ ಸಂಜೆ ಐದೂವರೆಗೆ, ಗೇಟಿನ ಹತ್ತಿರ, ಅಕ್ಕಪಕ್ಕದವರೆಲ್ಲ ನೋಡುತ್ತ ನಿಂತಿದ್ದಾಗ, ‘ನಮ್ದಲ್ಲ, ಅದು ಬೀದಿ ನಾಯಿ’ ಎಂದಿತ್ತು. ಮಾತು ಎಷ್ಟು ಸಲೀಸಾಗಿ ಬಂದುಬಿಟ್ಟಿತು. ಮೂವತ್ತೊಂದು ವರ್ಷದಿಂದ ಕಾನೂನು ಇಲಾಖೆಯಲ್ಲಿ ಕರಡು ಬರೆಯುತ್ತ ಬಂದವನು ಅವನು, ಒಂದು ಅಲ್ಪವಿರಾಮ ಹಾಕಲು ಅರ್ಧ ದಿನ ತೆಗೆದುಕೊಳ್ಳುವವನು. ಯಾವ ಶಬ್ದ ಕೇಳಿದರೂ ‘ಎಂದರೆ?’ ಎಂದು ಕೇಳುವ ಚಟದಿಂದಾಗಿ ಕಚೇರಿಯಲ್ಲಿ ಅವನಿಗೆ ‘ಎಂದರೆ ಸಾಹೇಬರು’ ಎಂದೇ ಹೆಸರು. ಅಂಥವನು ಪ್ರಾಣಿ ನಿಯಂತ್ರಣ ಕಚೇರಿಯ ಇನ್‌ಸ್ಪೆಕ್ಟರ್ ಹುಡುಗಿ ರಿಜಿಸ್ಟರು ಬಿಚ್ಚಿ ‘ನಾಯಿ ಯಾರದ್ದು ಸರ್?’ ಎಂದಾಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ‘ಬೀದಿ ನಾಯಿ’ ಎಂಬ ಮಾತು ಅಧಿನಿಯಮದಲ್ಲಿ ಇಲ್ಲವೇ ಇಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ರೇಬೀಸ್ ನಿಯಂತ್ರಣದ ಆ ಅಧಿನಿಯಮದ ಎರಡನೆಯ ಪ್ರಕರಣವನ್ನು, ವ್ಯಾಖ್ಯೆಗಳಿರುವ ಪ್ರಕರಣವನ್ನು, ಹನ್ನೊಂದು ವರ್ಷಗಳ ಹಿಂದೆ ಬರೆದವನು ಅವನೇ. ‘“ಮಾಲೀಕ” ಎಂದರೆ, ಪ್ರಾಣಿಯೊಂದನ್ನು ಸಾಕಿದ, ಇಟ್ಟುಕೊಂಡ, ಅಥವಾ ಸತತ ಮೂರು ದಿನ ಇಲ್ಲವೆ ಅದಕ್ಕಿಂತ ಹೆಚ್ಚು ಕಾಲ ಅದಕ್ಕೆ ಆಹಾರವನ್ನಾಗಲಿ ಆಶ್ರಯವನ್ನಾಗಲಿ ಕೊಟ್ಟ ಯಾವನೇ ವ್ಯಕ್ತಿ.’ ಮೂರು ದಿನ. ಅವನು ಆ ಕಂದು ನಾಯಿಗೆ ಬ್ರೆಡ್ಡು ಹಾಕಲು ಶುರುಮಾಡಿ ಎರಡು ವರ್ಷವಾಗಿತ್ತು.

ಬ್ಲೇಡು ಗಲ್ಲದ ಮೇಲೆ ಎಲ್ಲೋ ತಾಗಿ ನೊರೆಯಲ್ಲಿ ಒಂದು ಕೆಂಪು ಗೆರೆ ಮೂಡಿತು. ಗೀರು ಎಂದುಕೊಂಡ. ಗೀರು ಕಡಿತವೇ ಅಲ್ಲವೇ ಎಂದು ಅಧಿನಿಯಮದ ಕರಡು ಸಮಿತಿಯಲ್ಲಿ ಒಂದೂವರೆ ಗಂಟೆ ವಾದ ನಡೆದಿತ್ತು. ಹಲ್ಲು ಚರ್ಮವನ್ನು ಭೇದಿಸಿದರೆ ಕಡಿತ, ಜೊಲ್ಲು ಹಸಿ ಗಾಯಕ್ಕೆ ತಗುಲಿದರೆ ಒಡ್ಡಿಕೆ, ಎಂದು ಅವನು ಕೊನೆಗೆ ಎರಡು ಖಾನೆ ಮಾಡಿಕೊಟ್ಟಿದ್ದ, ಎಲ್ಲರೂ ತಲೆಯಾಡಿಸಿದ್ದರು. ಎದುರು ಮನೆಯ ಟೈಲರಮ್ಮನ ಮುಂಗೈಯ ಮೇಲೆ ನಿನ್ನೆ ಅವನು ಕಂಡದ್ದು ಎರಡು ಹಲ್ಲಿನ ಗುರುತು, ಮಣಿಯಷ್ಟು ರಕ್ತ. ಆಕೆ ನಗುತ್ತಿದ್ದಳು. ದಾರ ಎತ್ತಿಕೊಳ್ಳಲು ಬಗ್ಗಿದಾಗ ಮಷೀನಿನ ಕೆಳಗೆ ಮಲಗಿದ್ದ ನಾಯಿಯ ಬಾಲವನ್ನು ತಾನೇ ತುಳಿದೆ, ಅದರದೇನೂ ತಪ್ಪಿಲ್ಲ ಎಂದು ಇನ್‌ಸ್ಪೆಕ್ಟರಿಗೇ ಸಮಾಧಾನ ಹೇಳುತ್ತಿದ್ದಳು. ದೂರು ಕೊಟ್ಟವರು ಮೂಲೆಮನೆಯವರು. ನಾಯಿ ಓಡಿಹೋಗಿತ್ತು, ಸಿಕ್ಕಿರಲಿಲ್ಲ. ಸಿಗದ ನಾಯಿ, ಮಾಲೀಕರಿಲ್ಲದ ನಾಯಿ, ಚುಚ್ಚುಮದ್ದು ಬೇಡವೆನ್ನುವ ಗಾಯಾಳು. ಇನ್‌ಸ್ಪೆಕ್ಟರು ಮೂರನ್ನೂ ಬರೆದುಕೊಂಡು, ಆಸ್ಪತ್ರೆಗೆ ಹೋಗಿ ಎಂದು ಎರಡು ಸಲ ಹೇಳಿ, ರಿಜಿಸ್ಟರು ಮುಚ್ಚಿದ್ದಳು. ಆ ಮುಚ್ಚಿದ ರಿಜಿಸ್ಟರಿನಲ್ಲಿ ಇಲ್ಲದ ಒಂದು ಸಂಗತಿ ಅವನಿಗೊಬ್ಬನಿಗೇ ಗೊತ್ತಿತ್ತು. ಆರು ವಾರದ ಹಿಂದೆ ಒಂದು ಬೆಳಿಗ್ಗೆ ನಾಯಿ ಭುಜದ ಮೇಲೆ ಹರಿದ ಗಾಯ ಹೊತ್ತುಕೊಂಡು ಬಂದಿತ್ತು. ಬೇರೆ ಯಾವುದೋ ಪ್ರಾಣಿ ಕಚ್ಚಿದ ಗಾಯ. ಅವನು ಔಷಧಿಯ ಹತ್ತಿಯಿಂದ ಒರೆಸಿ, ಯಾರಾದರೂ ನೋಡಿದರೋ ಎಂದು ಆಚೀಚೆ ನೋಡಿ, ಹತ್ತಿಯನ್ನು ಚರಂಡಿಗೆ ಎಸೆದು ಆಫೀಸಿಗೆ ಹೋಗಿದ್ದ. ಅವತ್ತು ಒಂದು ಮೀನುಗಾರಿಕೆಯ ಮಸೂದೆ ಇತ್ತು, ಬಲೆಯ ಕಣ್ಣಿನ ಅಳತೆಯ ವಿಚಾರದಲ್ಲಿ ಮುಳುಗಿಹೋದ.

ಮುಖ ತೊಳೆದುಕೊಂಡು ಹೊರಬಂದಾಗ ಹೆಂಡತಿ ಮೇಜಿನ ಮುಂದೆ ಕೂತು ಶಾಲೆಗೆ ಹೊರಡುವ ಮುಂಚಿನ ಕೊನೆಯ ಲೋಟ ಚಹಾ ಕುಡಿಯುತ್ತಿದ್ದಳು. ಆಕೆ ಹೈಸ್ಕೂಲಿನ ವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕಿ. ಯಾವ ಸೀಸೆಯಲ್ಲಿ ಏನಿದೆ ಎಂಬುದು ಚೀಟಿ ಓದದೆಯೇ ಗೊತ್ತಿರುವವಳು. ಅವನು ನಿಂತುಕೊಂಡೇ ಹೇಳಿದ.

‘ನಿನ್ನೆ ನಾನು ಸುಳ್ಳು ಹೇಳಿದೆ.’

‘ಗೊತ್ತು.’

‘ಆ ನಾಯಿಗೆ ದಿನಾ ನಾನೇ…’

‘ಅದೂ ಗೊತ್ತು. ಬ್ರೆಡ್ಡಿನ ಅಂಚು ಸೇರಲ್ಲ ಅಂತ ಎರಡು ವರ್ಷದಿಂದ ಕತ್ತರಿಸಿ ಜೇಬಿಗೆ ಹಾಕ್ಕೊಂಡು ಹೋಗ್ತೀರಿ. ಪ್ಯಾಂಟು ಒಗೆಯೋದು ಯಾರು?’

ಅವನಿಗೆ ಕೂತುಕೊಳ್ಳಬೇಕೆನಿಸಿತು, ಕೂರಲಿಲ್ಲ. ಎರಡು ವರ್ಷ ತಾನು ಕಳ್ಳನಂತೆ ಕಾಪಾಡಿಕೊಂಡು ಬಂದದ್ದು ಈ ಮನೆಯ ಒಗೆಯುವ ಬಕೆಟ್ಟಿನಲ್ಲಿ ಪ್ರತಿ ವಾರವೂ ತೇಲುತ್ತಿತ್ತು ಎಂದಾಯಿತು. ಹೆಂಡತಿಗೆ ನಾಯಿ ಕಂಡರಾಗದು ಎಂದು ತಾನೇ ತೀರ್ಮಾನಿಸಿಕೊಂಡಿದ್ದ. ಮದುವೆಯಾದ ಹೊಸತರಲ್ಲಿ ಯಾವುದೋ ನಾಯಿಯನ್ನು ಕಂಡು ಆಕೆ ಸೆರಗು ಎತ್ತಿಕೊಂಡದ್ದಷ್ಟೇ ಅದಕ್ಕೆ ಆಧಾರ. ಒಂದು ಸೆರಗಿನ ಮೇಲೆ ಇಪ್ಪತ್ತೆಂಟು ವರ್ಷದ ವ್ಯಾಖ್ಯೆ. ಗಾಯದ ವಿಷಯವನ್ನು ಹೇಳಿದ. ಆಕೆ ಲೋಟ ಕೆಳಗಿಟ್ಟಳು. ಅದು ಮಾತ್ರ ಆಕೆಗೆ ಗೊತ್ತಿರಲಿಲ್ಲ ಎಂಬುದು ಲೋಟ ಇಟ್ಟ ಸದ್ದಿನಲ್ಲೇ ತಿಳಿಯಿತು.

‘ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀರಿ?’ ಎಂದಳು. ‘ಟೈಲರಮ್ಮಂಗೆ ಹೋಗಿ ಹೇಳಿ. ಈಗ್ಲೇ.’

ರಸ್ತೆ ದಾಟಲು ಹನ್ನೆರಡು ಹೆಜ್ಜೆ ಸಾಕು. ಅಷ್ಟರಲ್ಲಿ ಅವನ ತಲೆಯೊಳಗೆ ಮೂರು ಕರಡು ತಯಾರಾದವು. ಮೊದಲನೆಯದರಲ್ಲಿ ಗಾಯವನ್ನು ಬೇರೆ ಯಾರೋ ನೋಡಿ ತನಗೆ ಹೇಳಿದ್ದರು. ಎರಡನೆಯದರಲ್ಲಿ ತನಗೇ ಇವತ್ತು ಬೆಳಿಗ್ಗೆ ನೆನಪಾಗಿತ್ತು. ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು. ಅದರಲ್ಲಿ ಕರ್ತೃಪದವೇ ಇರಲಿಲ್ಲ, ‘ಗಾಯವಿದ್ದುದು ಕಂಡುಬಂದಿರುತ್ತದೆ’ ಎಂದಿತ್ತು. ಇಲಾಖೆಯಲ್ಲಿ ಎಷ್ಟೋ ತಪ್ಪುಗಳನ್ನು ಹೀಗೆ ಯಾರೂ ಮಾಡದ ಹಾಗೆ ಬರೆದುಕೊಟ್ಟಿದ್ದ. ಟೈಲರಮ್ಮ ಬಾಗಿಲು ತೆರೆದುಕೊಂಡು ಮಷೀನಿನ ಮುಂದೆ ಕೂತಿದ್ದಳು, ಎಪ್ಪತ್ತು ದಾಟಿದ ಹೆಂಗಸು, ಬಾಯಲ್ಲಿ ಎರಡು ಗುಂಡುಪಿನ್ನು. ಮುಂಗೈಗೆ ಹಳೆ ಬಟ್ಟೆಯ ಚೂರು ಸುತ್ತಿತ್ತು. ಬನ್ನಿ ಎಂದು ಕಣ್ಣಲ್ಲೇ ಸ್ಟೂಲು ತೋರಿಸಿದಳು. ಅವನು ಕೂತು, ಕರಡುಗಳನ್ನೆಲ್ಲ ಬದಿಗೆ ಸರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳುವಾಗ ಅವನ ಕಣ್ಣು ಆ ಬಟ್ಟೆಯ ಚೂರಿನ ಮೇಲೇ ಇತ್ತು. ಹೂವಿನ ಅಚ್ಚಿನ ಬಟ್ಟೆ, ಯಾವುದೋ ಮಗುವಿನ ಲಂಗದ್ದು.

ಆಕೆ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದಳು.

‘ನಿನ್ನೆ ಎಲ್ರೂ ಇದ್ರಲ್ಲ. ಆಗ ಯಾಕೆ ಹೇಳ್ಲಿಲ್ಲ?’

‘ಹೆದರಿಕೆ ಆಯ್ತು.’

‘ಏನು, ನನ್ನ ಕಂಡ್ರಾ?’

‘ಇಲ್ಲ. ಏಳು ತಿಂಗಳಲ್ಲಿ ನಿವೃತ್ತಿ. ಕಾನೂನು ಬರೆದವನೇ ಕಾನೂನು ಮುರಿದ ಅಂತ…’

‘ಸೂಜಿ ಚುಚ್ಚಿಸ್ಕೊಂಡು ಐವತ್ತು ವರ್ಷ ಬದುಕಿದೀನಿ. ಇನ್ನೊಂದು ಸೂಜಿಗೆ ಹೆದರಲ್ಲ,’ ಎಂದಳು. ‘ಆಸ್ಪತ್ರೇಲಿ ಗಂಟೆಗಟ್ಲೆ ಕೂರಿಸ್ತಾರೆ, ಮದುವೆ ಬಟ್ಟೆ ಒಪ್ಪಿಸ್ಬೇಕು, ಅದಕ್ಕೇ ಬೇಡ ಅಂದಿದ್ದು. ಈಗ ಒಂದು ಮಾತು ಹೇಳಿ. ಅದು ಯಾರ ನಾಯಿ?’

ಅವನು ಉತ್ತರಕ್ಕೆ ಮುಂಚೆ ಬಾಗಿಲ ಕಡೆ ನೋಡಿದ. ನೋಡಿದ್ದು ಆಕೆಗೆ ಕಂಡಿತೆಂದು ನಾಚಿಕೆಯಾಯಿತು.

‘ನನ್ನ ನಾಯಿ.’

‘ಹಾಂ. ಚಪ್ಪಲಿ ಹಾಕ್ಕೋತೀನಿ, ಇರಿ.’

ಆಸ್ಪತ್ರೆಯಲ್ಲಿ ಗಾಯವನ್ನು ಕಾಲು ಗಂಟೆ ಸೋಪಿನ ನೀರಲ್ಲಿ ತೊಳೆಸಿದರು. ಸರತಿಯ ಬೆಂಚು ತಣ್ಣಗಿತ್ತು. ಗೋಡೆಯ ಮೇಲೆ ನಾಯಿಯ ಚಿತ್ರವಿದ್ದ ಒಂದು ಸರ್ಕಾರಿ ಭಿತ್ತಿಪತ್ರ. ಅದರ ಕೆಳಗಿನ ಸಣ್ಣಕ್ಷರದ ಸಾಲುಗಳನ್ನೂ ತಾನೇ ತಿದ್ದಿದ್ದೆಂದು ನೆನಪಾಗಿ, ಅದನ್ನು ಈಗ ಮೊದಲ ಬಾರಿಗೆ ಓದುವವನ ಹಾಗೆ ಓದಿದ. ಅರ್ಥವಾಗಲು ಎರಡು ಸಲ ಓದಬೇಕಾಯಿತು. ದಾದಿ ಅರ್ಜಿ ತುಂಬುತ್ತ, ‘ನಾಯಿ ಮಾಲೀಕರು ಗೊತ್ತಾ?’ ಎಂದಳು. ನಾನು ಎಂದ. ‘ನೀವು ಇವ್ರಿಗೇನಾಗ್ಬೇಕು?’ ಎಂದಳು. ‘ಎದುರು ಮನೆ,’ ಎಂದು ಟೈಲರಮ್ಮನೇ ಹೇಳಿದಳು. ವೈದ್ಯ ನಾಯಿಯ ಗಾಯದ ವಿಷಯವನ್ನು ಕೇಳಿ ಪೆನ್ನು ನಿಲ್ಲಿಸಿದ. ಲಸಿಕೆಯ ಜತೆಗೆ ಸೀರಮ್ ಎಂಬ ಇನ್ನೊಂದು ಮದ್ದನ್ನೂ ಗಾಯದ ಸುತ್ತ ಕೊಡಬೇಕು ಎಂದ, ನಿನ್ನೆಯೇ ಬಂದಿದ್ದರೆ ಒಳ್ಳೆಯದಿತ್ತು ಎಂದ, ಇವತ್ತಾದರೂ ಬಂದಿರಲ್ಲ ಎಂದ. ಸೀರಮ್ ಉರಿಯುವ ಮದ್ದು. ಟೈಲರಮ್ಮ ಕೂಗಲಿಲ್ಲ, ಇನ್ನೊಂದು ಕೈಯಿಂದ ಅವನ ತೋಳನ್ನು ಹಿಡಿದುಕೊಂಡಳು. ಆ ಹಿಡಿತ ಬಟ್ಟೆಯ ಅಳತೆ ಹಿಡಿಯುವವಳದ್ದು, ಬಿಗಿ. ನೀವೂ ನಾಯಿಯನ್ನು ಮುಟ್ಟಿದ್ದೀರಿ, ಗಡ್ಡದ ಹತ್ತಿರ ಗಾಯವೂ ಇದೆ ಎಂದು ವೈದ್ಯ ಅವನಿಗೂ ಒಂದು ಲಸಿಕೆ ಚುಚ್ಚಿದ. ಅದು ಇವತ್ತು ಬೆಳಗಿನ ಬ್ಲೇಡಿನ ಗಾಯವೆಂದು ಹೇಳಬೇಕೆನಿಸಿದರೂ ಅವನು ಹೇಳಲಿಲ್ಲ. ತನಗೂ ಏನಾದರೂ ಚುಚ್ಚುವುದು ಸರಿಯೆಂದೇ ತೋರಿತು.

ಅಲ್ಲಿಂದಲೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿದ. ನೀವೇ ಹಿಡಿಯಲು ಹೋಗಬೇಡಿ ಸರ್, ನಾವು ಬರುತ್ತೇವೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಮುಚ್ಚಿಹೋದ ಮುದ್ರಣಾಲಯದ ಹಿತ್ತಿಲಿಗೆ ಅವರ ವ್ಯಾನು ಬಂತು. ನಾಯಿ ಹಗಲು ಮಲಗುತ್ತಿದ್ದುದು ಅಲ್ಲೇ, ಕೊಳೆತ ಕಾಗದದ ಸುರುಳಿಗಳ ನಡುವೆ. ಇದೂ ಅವನಿಗೊಬ್ಬನಿಗೇ ಗೊತ್ತಿದ್ದ ಸಂಗತಿ. ವ್ಯಾನಿನ ಸದ್ದಿಗೆ ಕಿವಿ ನಿಮಿರಿಸಿ ಗೋಡೆಯ ಸಂದಿಗೆ ಸರಿದ ನಾಯಿ ಮತ್ತೆ ಕಾಣಿಸಲಿಲ್ಲ. ಕುಣಿಕೆಯ ಕೋಲು ಹಿಡಿದ ಇಬ್ಬರು ಮುಂದೆ ಹೋಗಲು ನೋಡಿದರು. ಅವನು ಅವರನ್ನು ನಿಲ್ಲಿಸಿ, ಹೆಂಡತಿ ಶಾಲೆಯಿಂದ ತಂದುಕೊಟ್ಟಿದ್ದ ದಪ್ಪ ರಬ್ಬರಿನ ಕೈಗವಸು ಹಾಕಿಕೊಂಡು, ಇನ್‌ಸ್ಪೆಕ್ಟರು ಕೊಟ್ಟ ಬಾಯಿಕಟ್ಟು, ಬೆಲ್ಟು ಎರಡನ್ನೂ ಬೆನ್ನ ಹಿಂದೆ ಹಿಡಿದು ಸಂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಏನೆಂದು ಕರೆಯುವುದು? ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ನನ್ನದಾಗುತ್ತದೆ ಎಂದು ಎಲ್ಲೋ ಒಳಗೆ ಲೆಕ್ಕ ಹಾಕಿದ್ದನೇನೋ. ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ನಾಯಿ ತಾನಾಗಿಯೇ ಬಂತು, ಕೈಗವಸಿನ ಹೊಸ ವಾಸನೆಯನ್ನು ಮೂಸಿ ಅನುಮಾನಿಸಿ, ಆಮೇಲೆ ಜೇಬಿನ ಕಡೆ ಮೂತಿ ಚಾಚಿತು. ಜೇಬಿನಲ್ಲಿ ಇವತ್ತು ಏನೂ ಇರಲಿಲ್ಲ. ಆ ಕ್ಷಣದಲ್ಲಿ ಅವನು ಬಾಯಿಕಟ್ಟು ತೊಡಿಸಿದ. ನಾಯಿ ಒದ್ದಾಡಲಿಲ್ಲ. ಅದು ಒದ್ದಾಡಿದ್ದರೆ, ಗುರ್ರೆಂದಿದ್ದರೆ, ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಅವನ ಅಪ್ಪ ಮಿಠಾಯಿ ಕೊಡಿಸುತ್ತೇನೆಂದು ಕರೆದುಕೊಂಡು ಹೋಗಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಕೂರಿಸಿದ್ದ. ಅವತ್ತು ಅಪ್ಪನ ಮುಖ ಹೇಗಿತ್ತೆಂದು ಎಂದೂ ನೆನಪಿಗೆ ಬಂದಿರಲಿಲ್ಲ, ಈಗ ಬಂತು. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದ.

ಪ್ರತ್ಯೇಕವಾಸ ಕೇಂದ್ರವೆಂದರೆ ಊರಂಚಿನ ಒಂದು ಉದ್ದ ಶೆಡ್ಡು, ಸಿಮೆಂಟಿನ ಹನ್ನೆರಡು ಗೂಡು. ‘ದಿಗ್ಬಂಧನ’ ಎಂದು ಬರೆದರೆ ಮಂತ್ರವಾದಿಯ ಕೆಲಸದ ಹಾಗೆ ಕೇಳುತ್ತದೆಂದು ‘ಪ್ರತ್ಯೇಕವಾಸ’ ಎಂಬ ಮಾತನ್ನು ಆರಿಸಿದ್ದು ಅವನೇ. ಆಗ ಅದರಲ್ಲಿ ಯಾವುದೋ ಋಷಿಯ ಶಾಂತಿ ಕೇಳಿಸಿತ್ತು. ಇಲ್ಲಿ ಫಿನಾಯಿಲಿನ ವಾಸನೆ, ತಗಡಿನ ಮೇಲೆ ಉಗುರು ಕೆರೆಯುವ ಸದ್ದು. ಇನ್‌ಸ್ಪೆಕ್ಟರ್ ಹುಡುಗಿ ಕಂಪ್ಯೂಟರಿನ ಮುಂದೆ ಕೂತು ನಿನ್ನೆಯ ರಿಜಿಸ್ಟರನ್ನು ಬಿಚ್ಚಿದಳು.

‘ಸರ್, ನಿನ್ನೆ ಹೇಳಿಕೆ ಬೇರೆ ಇದೆ. ಈ ಹಾಳೆ ಇನ್ನೂ ಮೇಲೆ ಹೋಗಿಲ್ಲ. ಹೊಸ ಹಾಳೇಲಿ ಬರ್ಕೊಂಡ್ರೆ ಆಯ್ತು.’

‘ಹರೀಬೇಡಿ. ಅದೂ ಇರ್ಲಿ, ಇದೂ ಇರ್ಲಿ.’

‘ಸುಳ್ಳು ಹೇಳಿಕೆಗೆ ಕಲಂ ಹಾಕ್ಬೇಕಾಗತ್ತೆ.’

‘ಹತ್ತೊಂಬತ್ತು, ಉಪಪ್ರಕರಣ ಎರಡು,’ ಎಂದ. ಹುಡುಗಿಗೆ ನಗು ಬಂತು, ತಡೆದುಕೊಂಡಳು. ನಾಯಿಯ ಹೆಸರೇನೆಂದಳು. ಹೆಸರಿಲ್ಲವೆಂದ. ‘ಹೆಸರಿಲ್ದಿದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ ಸರ್.’ ಹಾಗಾದರೆ ಬಣ್ಣವನ್ನೇ ಬರೆಯಿರಿ, ಕಂದು ಎಂದ. ಆಕೆ ಟಕಟಕನೆ ಒತ್ತಿದಳು. ಅಚ್ಚಾಗಿ ಬಂದ ಹಾಳೆಯಲ್ಲಿ ಪ್ರಾಣಿಯ ಹೆಸರು ‘ಕಂದ’ ಎಂದಿತ್ತು. ಇಬ್ಬರೂ ನೋಡಿದರು. ತಿದ್ದಬೇಕೆಂದರೆ ಮೊದಲಿಂದ ತುಂಬಬೇಕು ಎಂದಳು. ಜೀವಮಾನವಿಡೀ ಕಾಗುಣಿತ ತಿದ್ದಿದವನು ಪರವಾಗಿಲ್ಲ ಬಿಡಿ ಎಂದ. ಆಮೇಲೆ ಗಾಯದ ಖಾನೆ ಬಂತು. ಹುಡುಗಿ ಬೆರಳುಗಳನ್ನು ಕೀಲಿಮಣೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು.

‘ಇದನ್ನ ಬರೀಲೇಬೇಕಾ ಸರ್? ಗಾಯ ಮಾಯ್ದಿದೆ. ಬರೀದಿದ್ರೆ ಕಚ್ಚಿದ ನಾಯೀನ ಹತ್ತು ದಿನ ನೋಡಿ ಬಿಡ್ತೀವಿ. ಬರೆದ್ರೆ ಆಮೇಲೂ ಬಿಡೋ ಹಾಗಿಲ್ಲ. ಲಸಿಕೆ ಇಲ್ದೆ ಒಡ್ಡಿಕೆಗೆ ಒಳಗಾದ ಪ್ರಾಣಿ ಅಂತಾಗತ್ತೆ. ನಿಮ್ಗೇ ಗೊತ್ತಲ್ಲ.’

ಗೊತ್ತಿತ್ತು. ಏಳನೆಯ ಪ್ರಕರಣ. ‘ಕೊಲ್ಲತಕ್ಕದ್ದು’ ಎಂದು ಅವನು ಬರೆದಿದ್ದ, ನೇರವಾಗಿ. ಓದಲು ಕೆಟ್ಟದಾಗಿದೆಯೆಂದು ಸಮಿತಿ ಅದನ್ನು ‘ವಿಲೇವಾರಿ ಮಾಡತಕ್ಕದ್ದು’ ಎಂದು ಬದಲಿಸಿತು, ಅವನು ಸುಮ್ಮನಿದ್ದ. ಸಮಿತಿಯಲ್ಲಿ ಒಬ್ಬ ಮುದಿ ಪಶುವೈದ್ಯನಿದ್ದ, ಸಭೆಯಿಡೀ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದವನು. ಅವನೊಬ್ಬನೇ ಕೇಳಿದ್ದು: ಮಾಲೀಕ ಒಪ್ಪದೆ ಹೋದರೆ? ಹಾಗಾಗಿ ಒಂದು ಪರಂತುಕ, ‘ಆದರೆ’ ಎಂದು ಶುರುವಾಗುವ ವಿನಾಯಿತಿ, ಸೇರಿಸಬೇಕಾಯಿತು. ಮಾಲೀಕ ತನ್ನ ಸ್ವಂತ ಹೊಣೆಯಲ್ಲಿ ಆರು ತಿಂಗಳು ಪ್ರತ್ಯೇಕವಾಸದಲ್ಲಿಡಬಹುದು. ಅವತ್ತು ಹೊರಗೆ ಬಂದ ಮೇಲೆ ಮೇಲಧಿಕಾರಿ ಅವನ ಹೆಗಲ ಮೇಲೆ ಕೈಯಿಟ್ಟು, ‘ಸೇರಿಸಿ, ಆದ್ರೆ ಯಾರೂ ಬಳಸದ ಹಾಗೆ ಬರೀರಿ’ ಎಂದಿದ್ದರು. ಅವನು ಹಾಗೆಯೇ ಬರೆದ. ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದು ತೆರೆಯಕೂಡದು. ನೆಲ ಅಗೆಯಲಾಗದ್ದಿರಬೇಕು. ಪಾಲಕನ ಹೊರತು ಯಾವ ಮನುಷ್ಯನೂ ಪ್ರಾಣಿಯೂ ಹತ್ತಿರ ಸುಳಿಯಕೂಡದು. ಪಾಲಕನೂ ಮುಟ್ಟಕೂಡದು. ಬರೆದು ಮುಗಿಸಿದಾಗ ತನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಗಿತ್ತು; ಬಾಗಿಲೂ ಇದೆ, ಒಳಗೆ ಹೋಗಲೂ ಆಗದು.

‘ಆ ಪರಂತುಕ ಇದುವರೆಗೆ ಎಷ್ಟು ಜನ ಬಳಸಿದಾರೆ?’ ಎಂದು ಕೇಳಿದ.

‘ನನಗೆ ತಿಳಿದ ಹಾಗೆ ಒಬ್ರೂ ಇಲ್ಲ. ಎಲ್ಲ ಇನ್ನೊಂದು ಕಡೆ ಸಹಿ ಹಾಕ್ತಾರೆ.’

ಗೂಡಿನಿಂದ ಯಾವುದೋ ನಾಯಿ ಬೊಗಳಿತು, ಅವನದಲ್ಲ. ಆಸ್ಪತ್ರೆಯಲ್ಲಿ ಗಾಯದ ವಿಷಯ ದಾಖಲಾಗಿತ್ತು. ಇಲ್ಲಿ ಬರೆಯದೆ ಬಿಟ್ಟರೂ ಯಾರೂ ಎರಡನ್ನೂ ಹೋಲಿಸಿ ನೋಡಲಿಕ್ಕಿಲ್ಲ. ನಿನ್ನೆಯ ಆ ಸಲೀಸುತನ ಮತ್ತೆ ನಾಲಿಗೆಯ ತುದಿಗೆ ಬಂದು ನಿಂತದ್ದು ಅವನಿಗೆ ಗೊತ್ತಾಯಿತು. ಅದನ್ನು ನುಂಗಿಕೊಂಡ.

‘ಬರೀರಿ,’ ಎಂದ. ‘ಬಲ ಭುಜ. ಆರು ವಾರ. ಕಂಡವನು ನಾನು.’

ಹತ್ತು ದಿನ ಅವನು ಆಫೀಸು ಮುಗಿಸಿ ಕೇಂದ್ರದ ಗೇಟಿನ ತನಕ ನಡೆದು ಹೋಗಿ ಬಂದ. ಒಳಗೆ ಬಿಡುವ ಹಾಗಿರಲಿಲ್ಲ, ಹಾಗೆ ಬರೆದವನೂ ಅವನೇ. ಗೇಟಿನಿಂದ ನಾಯಿಯಿದ್ದ ಏಳನೆಯ ಗೂಡಿನ ಜಾಲರಿಯ ಮೂಲೆ ಕಾಣುತ್ತಿತ್ತು. ಇನ್‌ಸ್ಪೆಕ್ಟರು ಬಂದು ಹೇಳುತ್ತಿದ್ದಳು: ನೀರು ಕುಡಿತಿದೆ, ತಿಂತಿದೆ, ಮಂಕಾಗಿಲ್ಲ. ಮರುದಿನವೂ ಅದೇ ಮೂರು ಮಾತು. ನಡುವೆ ಟೈಲರಮ್ಮನ ಸೂಜಿಯ ದಿನಗಳಿಗೆ ಅವನೇ ಜತೆಗೆ ಹೋದ. ಮೂರನೆಯ ಸಲ ಆಕೆ, ‘ನಿಮ್ಮ ಷರಟಿನ ಕಾಲರು ಒಂದು ಕಡೆ ಎಳೀತಿದೆ, ಬಿಚ್ಚಿ ಕೊಡಿ ಸರಿ ಮಾಡ್ತೀನಿ’ ಎಂದಳು. ಕ್ಷಮೆ ಕೇಳಲು ಅವನು ಸಿದ್ಧಪಡಿಸಿಕೊಂಡಿದ್ದ ವಾಕ್ಯ ಅಲ್ಲಿಗೆ ಬಿದ್ದುಹೋಯಿತು. ಹತ್ತನೆಯ ದಿನ ನಾಯಿ ಬದುಕಿತ್ತು, ಗಟ್ಟಿಮುಟ್ಟಾಗಿತ್ತು. ಎಂದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ಏನೂ ಇರಲಿಲ್ಲ, ಟೈಲರಮ್ಮನಿಗೆ ಇನ್ನು ಭಯವಿಲ್ಲ. ಆದರೆ ನಾಯಿಗೆ ತಗುಲಿದ್ದರೆ ಅದು ಇನ್ನೂ ಒಳಗೇ ಕೂತಿರಬಹುದು, ತಿಂಗಳುಗಟ್ಟಲೆ. ಈಗ ಕೊಲ್ಲಲು, ಇಲ್ಲವೆ ಆರು ತಿಂಗಳು ಇಟ್ಟುಕೊಳ್ಳಲು, ಎರಡರಲ್ಲೊಂದು ಕಡೆ ಸಹಿ ಬೇಕಿತ್ತು.

ಅದೇ ದಿನ ಮೇಲಧಿಕಾರಿ ಕರೆಸಿದರು. ಹನ್ನೊಂದು ವರ್ಷದ ಹಿಂದೆ ಹೆಗಲ ಮೇಲೆ ಕೈಯಿಟ್ಟವರೇ. ಈಗ ಕೂದಲು ಪೂರ್ತಿ ಬೆಳ್ಳಗಾಗಿ ಇನ್ನೂ ದೊಡ್ಡ ಕೋಣೆಗೆ ಬಂದಿದ್ದರು. ಮೇಜಿನ ಮೇಲೆ ಕೇಂದ್ರದ ವರದಿ ಇತ್ತು. ಕೂತುಕೊಳ್ಳಿ ಎನ್ನಲು ಮರೆತರೋ ಏನೋ, ಅವನು ನಿಂತೇ ಇದ್ದ.

‘ಏನ್ರಿ ಇದು. ಒಂದು ನಾಯಿಗೋಸ್ಕರ.’

‘ಸುಳ್ಳು ಹೇಳಿದ್ದು ನಿಜ ಸರ್.’

‘ಅದಕ್ಕೇ ಒಂದು ದಾರಿ ಯೋಚನೆ ಮಾಡಿದೀನಿ. ಮಾಲೀಕ ಅನ್ನೋ ವ್ಯಾಖ್ಯೆ ಗೊಂದಲವಾಗಿದೆ, ಒಂದು ತುಂಡು ಬ್ರೆಡ್ಡು ಹಾಕಿದವನೆಲ್ಲ ಮಾಲೀಕನಾ ಅಂತ ಸಂದೇಹ ಬಂತು, ಅದಕ್ಕೆ ಹಾಗೆ ಹೇಳಿದೆ ಅಂತ ಒಂದು ಸಾಲು ಬರೆದುಕೊಡಿ. ನಾವು ತಿದ್ದುಪಡಿ ತರೋಣ. ನಾಯೀನ ಕೇಂದ್ರದವರು ಅವರ ಪಾಡಿಗೆ ನೋಡ್ಕೋತಾರೆ. ನೀವು ಏಳು ತಿಂಗಳು ನೆಮ್ಮದಿಯಾಗಿ ಕಳೆದು ಮನೆಗೆ ಹೋಗಿ.’

ಕೋಣೆಯ ಫ್ಯಾನು ತಿರುಗುತ್ತಿತ್ತು, ವರದಿಯ ತುದಿ ಎದ್ದು ಎದ್ದು ಬೀಳುತ್ತಿತ್ತು. ಒಂದು ಸಾಲು. ಅಂಥ ಸಾವಿರ ಸಾಲು ಬರೆದಿದ್ದಾನೆ, ಬೇಕಾದವರಿಗೆ ಬೇಕಾದಷ್ಟು ಸಂದೇಹವನ್ನು ಅಳೆದು ಹೊಲಿದು ಕೊಟ್ಟಿದ್ದಾನೆ. ಆ ವ್ಯಾಖ್ಯೆಯನ್ನು ಬರೆದ ವಾರ ಅವನಿಗೆ ನೆನಪಿತ್ತು. ‘ಸಾಕಿದ’ ಎಂದಷ್ಟೇ ಇದ್ದರೆ ನಾಳೆ ಕಚ್ಚಿದಾಗ ಎಲ್ಲರೂ ನಾನು ಸಾಕಿಲ್ಲ ಎನ್ನುತ್ತಾರೆ, ಹಾಗಾಗಿ ತಪ್ಪಿಸಿಕೊಳ್ಳಲು ಸಂದಿಯಿರದ ಒಂದು ಮಾತು ಬೇಕೆಂದು ಐದು ದಿನ ಹುಡುಕಿ ಆ ಮೂರು ದಿನದ ಅನ್ನವನ್ನು ಕಂಡುಕೊಂಡಿದ್ದ. ಅವನ ಸರ್ವೀಸಿನಲ್ಲಿ ಅಷ್ಟು ಪ್ರಾಮಾಣಿಕವಾದ ವಾಕ್ಯ ಇನ್ನೊಂದು ಇರಲಿಕ್ಕಿಲ್ಲ.

‘ಗೊಂದಲ ಇಲ್ಲ ಸರ್.’

‘ಇಲ್ಲ ಅನ್ನೋಕೆ ನೀವ್ಯಾರು?’

‘ಬರೆದವನು.’

ಅವರು ಕನ್ನಡಕ ತೆಗೆದು ಒರೆಸಿದರು. ಅಷ್ಟು ಹೊತ್ತು ಒರೆಸುವಂಥದ್ದೇನೂ ಗಾಜಿನ ಮೇಲೆ ಇರಲಿಲ್ಲ. ‘ಕರಡು ವಿಭಾಗದಿಂದ ತೆಗೀಬೇಕಾಗತ್ತೆ,’ ಎಂದರು. ಆಗಲಿ ಎಂದ. ‘ವಾಗ್ದಂಡನೆ ದಾಖಲಾಗತ್ತೆ.’ ಆಗಲಿ ಎಂದ. ಹೊರಗೆ ಬಂದು ಮೆಟ್ಟಿಲ ಕಟಕಟೆ ಹಿಡಿದು ಇಳಿದ. ಕೆಳಗೆ ಕಿರಿಯ ಗುಮಾಸ್ತರಿಬ್ಬರು ಮಾತು ನಿಲ್ಲಿಸಿ, ಅವನು ದಾಟಿದ ಮೇಲೆ ಸಣ್ಣಗೆ ಬೊಗಳಿದರು. ಅವನು ತಿರುಗಿ ನೋಡಲಿಲ್ಲ. ಕಿವಿ ಬಿಸಿಯಾಯಿತು, ಅಷ್ಟೇ. ಬೀದಿಯ ಕೊನೆ ತಲುಪುವಷ್ಟರಲ್ಲಿ ಅದೂ ಆರಿತು.

ಮನೆಯಲ್ಲಿ ಹೆಂಡತಿ, ನಾಯಿಯನ್ನು ಆರು ತಿಂಗಳು ಮನೆಯಲ್ಲಿಟ್ಟುಕೊಳ್ಳುವ ಅರ್ಜಿಯನ್ನು ಎರಡು ಸಲ ಓದಿದಳು. ‘ಕಂದ ಅಂತೆ. ಈ ವಯಸ್ಸಿಗೆ,’ ಎಂದಳು. ಆಮೇಲೆ, ‘ಎರಡು ಬಾಗಿಲು ಎಲ್ಲಿ ಮಾಡ್ತೀರಿ?’ ಎಂದಳು. ಅಡುಗೆಮನೆಯ ಪಕ್ಕದ ಉಗ್ರಾಣವಾದರೆ ಎಂದು ಅವನು ಶುರುಮಾಡಿದ.

‘ಉಗ್ರಾಣ ನಂದು. ನಿಮ್ಮ ಪುಸ್ತಕದ ಕೋಣೆ ಖಾಲಿ ಮಾಡಿ.’

ಮೂವತ್ತೊಂದು ವರ್ಷದ ರಾಜಪತ್ರಗಳು, ಬಣ್ಣಬಣ್ಣದ ದಾರ ಕಟ್ಟಿದ ಮಸೂದೆಗಳು, ಎರಡು ದಿನ ಹಿಡಿಯಿತು ಹೊರಗೆ ಸಾಗಿಸಲು. ಬಡಗಿ ಬಂದು ಒಳಗೊಂದು ಜಾಲರಿಯ ಬಾಗಿಲು ಕೂರಿಸಿದ. ಇನ್‌ಸ್ಪೆಕ್ಟರು ಟೇಪು ಹಿಡಿದು ಅಳೆದಳು, ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದು ನೋಡಿದಳು, ಪಾಲಕರೊಬ್ಬರೇ ಇದ್ದರೆ ಕಾಯಿಲೆ ಬಿದ್ದಾಗ ಕಷ್ಟ, ಇನ್ನೊಬ್ಬರ ಸಹಿಯೂ ಇರಲಿ ಎಂದಳು. ಅವನು ಬಾಯಿ ತೆರೆಯುವ ಮುಂಚೆಯೇ ಹೆಂಡತಿ ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು. ಹಾಕಿ, ‘ನಾನೂ ಸೂಜಿ ಚುಚ್ಚಿಸ್ಕೋಬೇಕಾ?’ ಎಂದು ಕೇಳಿದಳು.

ಆರು ತಿಂಗಳೆಂದರೆ ಎಷ್ಟು ಉದ್ದವೆಂದು ಬರೆಯುವಾಗ ಗೊತ್ತಿರಲಿಲ್ಲ. ದಿನಕ್ಕೆರಡು ಸಲ ಅವನು ಹೊರಬಾಗಿಲು ಮುಚ್ಚಿಕೊಂಡು ನಡುವಿನ ಜಾಗದಲ್ಲಿ ನಿಂತು, ಜಾಲರಿಯ ಕೆಳಗಿನ ಸಂದಿಯಿಂದ ತಟ್ಟೆಯನ್ನು ಕೋಲಿನಿಂದ ಒಳಗೆ ತಳ್ಳುತ್ತಿದ್ದ. ಮೊದಲ ತಿಂಗಳು ನಾಯಿ ಜಾಲರಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು, ಅವನು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಎರಡನೆಯ ತಿಂಗಳಿಗೆ ಅದು ಮೂಲೆಯಲ್ಲೇ ಇದ್ದು, ಅವನು ಹೋದ ಮೇಲೆ ತಿನ್ನಲು ಕಲಿಯಿತು. ಒಂದು ವಾರ ಸರಿಯಾಗಿ ತಿನ್ನಲಿಲ್ಲ. ಅವನು ಆ ವಾರ ಪ್ರತಿ ಗಂಟೆಗೂ ಹೋಗಿ ಅದು ನೀರು ನುಂಗುತ್ತದೋ ಇಲ್ಲವೋ ಎಂದು ನೋಡಿದ, ಕಚೇರಿಗೆ ರಜೆ ಹಾಕಿದ. ಕೊನೆಗೆ ಅದು ಮುನಿಸೆಂದು ಹೆಂಡತಿಯೇ ಕಂಡುಹಿಡಿದಳು. ‘ನೋಡಿ, ನಾನು ಇಟ್ರೆ ತಿನ್ನುತ್ತೆ,’ ಎಂದಳು, ಗೆದ್ದವಳ ಹಾಗೆ. ಅವನಿಗೆ ನೋವಾಯಿತು, ಆದರೆ ಮರುದಿನ ಬೆಳಿಗ್ಗೆ ಮತ್ತೆ ತಾನೇ ತಟ್ಟೆ ಹಿಡಿದು ಹೋದ. ಕ್ಷಮಿಸುವುದು ಬಿಡುವುದು ಅದರ ಕೆಲಸ, ತಟ್ಟೆ ತಳ್ಳುವುದು ತನ್ನ ಕೆಲಸ. ಹಗಲು ಅವನನ್ನು ದಾಖಲೆಗಳ ಕೊಠಡಿಗೆ ಹಾಕಿದ್ದರು. ಅಲ್ಲಿ ಯಾರೂ ಏನನ್ನೂ ಬರೆಯಿರೆಂದು ಕೇಳುತ್ತಿರಲಿಲ್ಲ, ಧೂಳು ಹೊಡೆದು ಕಟ್ಟುಗಳಿಗೆ ಸಂಖ್ಯೆ ಹಚ್ಚಬೇಕಿತ್ತು. ಹಚ್ಚಿದ. ಮಧ್ಯಾಹ್ನದ ಬಿಡುವಿನಲ್ಲಿ ಯಾರೂ ಅವನ ಮೇಜಿಗೆ ಬರುತ್ತಿರಲಿಲ್ಲ. ಒಮ್ಮೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದು, ಕಪಾಟಿನ ನೆರಳಲ್ಲಿ ನಿಂತು, ತಮ್ಮ ಮನೆಯ ಬೆಕ್ಕು ಯಾರನ್ನೋ ಪರಚಿದೆ, ಈಗ ಏನು ಮಾಡಬೇಕೆಂದು ಕೇಳಿದಳು. ಹೋಗಿ ಹೇಳಿ ಎಂದ. ಯಾರಿಗೆ ಎಂದಳು. ಪರಚಿಸಿಕೊಂಡವರಿಗೆ ಮೊದಲು ಎಂದ.

ನಿಗದಿಯಾದ ದಿನ ಬೆಳಿಗ್ಗೆ ಇನ್‌ಸ್ಪೆಕ್ಟರು ಪಶುವೈದ್ಯರ ಜತೆ ಬಂದಳು. ವೈದ್ಯರು ಜಾಲರಿಯಾಚೆಯಿಂದ ಬಹಳ ಹೊತ್ತು ನೋಡಿ, ಆಮೇಲೆ ಒಳಗೆ ಹೋಗಿ ಮುಟ್ಟಿ ನೋಡಿ, ಏನೂ ಇಲ್ಲ, ಆರೋಗ್ಯವಾಗಿದೆ ಎಂದು ಬರೆದು ಲಸಿಕೆಯ ಸೂಜಿ ಚುಚ್ಚಿದರು. ಎರಡೂ ಬಾಗಿಲು ಒಟ್ಟಿಗೆ ತೆರೆದದ್ದು ಅದೇ ಮೊದಲು. ಟೈಲರಮ್ಮ ಅಂಗಳದ ಕುರ್ಚಿಯಲ್ಲಿ ಬಂದು ಕೂತಿದ್ದಳು. ನಾಯಿ ಹೊಸ್ತಿಲಲ್ಲಿ ನಿಂತು ಬೆಳಕಿಗೆ ಕಣ್ಣು ಕಿರಿದು ಮಾಡಿತು. ಅವನು ಕೈಗವಸಿಲ್ಲದ ಕೈ ಮುಂದೆ ಚಾಚಿದ. ಅದು ಕೈಯನ್ನು ಮೂಸಲೂ ಇಲ್ಲ. ಅವನನ್ನು ದಾಟಿ, ಎಲ್ಲರನ್ನೂ ದಾಟಿ ಅಂಗಳದ ಕೊನೆಗೆ ಹೋಗಿ ಮುಚ್ಚಿದ ಗೇಟಿನ ಮುಂದೆ ಬೆನ್ನು ತಿರುಗಿಸಿ ನಿಂತಿತು.

‘ಕೋಪ ಇದೆ,’ ಎಂದಳು ಟೈಲರಮ್ಮ.

‘ಇರ್ಲಿ,’ ಎಂದ ಅವನು.

ಬೆಲ್ಟು ತಂದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೊರಳಿಗೆ ಕಟ್ಟಿದ. ಕೊರಳ ಬಿಸಿ ಆರು ತಿಂಗಳ ಮೇಲೆ ಬೆರಳಿಗೆ ತಾಗಿತ್ತು, ಬೆರಳು ಬೇಕೆಂದೇ ಬಕಲಿನಲ್ಲಿ ತಡಮಾಡಿತು. ಆಫೀಸಿಗೆ ಹೊತ್ತಾಗಿತ್ತು, ಬಸ್‌ಸ್ಟಾಪು ಬಲಕ್ಕೆ. ಗೇಟು ತೆರೆದ ಕೂಡಲೆ ನಾಯಿ ಎಡಕ್ಕೆ ಎಳೆಯಿತು. ಅವನು ಬೆಲ್ಟಿನ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಎಡಕ್ಕೆ ಹೋದ.